ಪ್ರೊಫೆಸರರ ಮನೆ ಮೈದಾ ಬಿಟ್ಟಿದ್ದು

ಪ್ರೊಫೆಸರರು ಯಾವ ಕಾಲೇಜಿನಲ್ಲೂ ಪಾಠ ಮಾಡಿದವರಲ್ಲ. ಅವರದು ಪುಸ್ತಕ ಬೈಂಡ್ ಮಾಡುವ ಅಂಗಡಿ. ಹರಿದ ಪುಸ್ತಕ ಕೈಗೆ ಬಂದರೆ ಹಳೆಯ ರಟ್ಟು ಕಿತ್ತು, ಹೊಸ ರಟ್ಟಿಗೆ ಅಂಟು ಬಳಿದು, ಅದು ಹಿಡಿದುಕೊಳ್ಳುವವರೆಗೆ ಒತ್ತಿಕೊಂಡು ಕೂರಬೇಕಾಗುತ್ತದೆ. ಆಗ ಕಣ್ಣಿಗೆ ಬೀಳುವುದು ಪುಸ್ತಕದ ಮೊದಲ ಒಂದೆರಡು ಪುಟ, ಇಲ್ಲವೇ ಕೊನೆಯ ಒಂದೆರಡು ಪುಟ. ಹೀಗೆ ಓದಿ ಓದಿ ಅವರು ಪ್ರಪಂಚದ ಸಮಸ್ತ ವಿಷಯಗಳ ಆರಂಭವನ್ನೂ ಅಂತ್ಯವನ್ನೂ ತಿಳಿದುಕೊಂಡಿದ್ದರು. ನಡುವಿನ ಸಂಗತಿಗೆ ಎಂದೂ ಮಹತ್ವ ಕೊಟ್ಟವರಲ್ಲ. ಯುದ್ಧ ಏಕೆ ಶುರುವಾಯಿತೆಂದು ಗೊತ್ತು, ಕೊನೆಗೆ ಯಾರು ಸತ್ತರೆಂದೂ ಗೊತ್ತು. ಯಾರು ಯಾರ ಜತೆ ಹೊಡೆದಾಡಿದರು ಎಂದು ಕೇಳಿದರೆ ಮಾತ್ರ "ಅದೆಲ್ಲ ವಿವರ ಬಿಡ್ರಿ" ಎನ್ನುತ್ತಿದ್ದರು. ಬೀದಿಯವರು ಗೇಲಿಗೆಂದು ಇಟ್ಟ ಹೆಸರನ್ನು ಬಿರುದು ಎಂದುಕೊಂಡು ಅಂಗಡಿಯ ಬೋರ್ಡಿನ ಮೇಲೂ ಬರೆಸಿಬಿಟ್ಟಿದ್ದರು.

ಅಂಗಡಿ ಕೆಳಗೆ, ಮನೆ ಮೇಲೆ. ಕೆಲಸ ಮಾಡುತ್ತಿದ್ದವರು ಮೇಲಿನವರು, ಮಾತಾಡುತ್ತಿದ್ದವರು ಕೆಳಗಿನವರು. ಪುಟಗಳನ್ನು ಮಡಿಚಿ ಹೊಲಿಯುವುದು ಹೆಂಡತಿ. ಹಿತ್ತಲಿನ ಒಲೆಯ ಮೇಲೆ ಮೈದಾ ಹಿಟ್ಟನ್ನು ನೀರಿನಲ್ಲಿ ಕಲಸಿ, ಗಂಟಾಗದಂತೆ ತಿರುವಿ ತಿರುವಿ ಅಂಟು ಕಾಯಿಸುವುದು ತಾಯಿ. ಕತ್ತರಿಸಿ, ಬಳಿದು, ಒತ್ತಿ, ಗಿರಾಕಿಯ ಮುಂದೆ "ನಮ್ಮ ಬೈಂಡಿಂಗ್ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡೋದಿಲ್ಲ" ಎಂದು ಮೀಸೆ ತಿರುವುವುದು ಪ್ರೊಫೆಸರರ ಪಾಲು. ಆದರೆ ಗಿರಾಕಿಗಳೇ ಕಡಿಮೆಯಾಗಿದ್ದರು. ಎದುರಿಗೆ ಪ್ಲಾಸ್ಟಿಕ್ ಸುರುಳಿ ಹಾಕಿ ಕಣ್ಣುಮುಚ್ಚಿ ತೆಗೆಯುವುದರೊಳಗೆ ಪುಸ್ತಕ ಕೈಗಿಡುವ ಅಂಗಡಿಯೊಂದು ಬಂದಿತ್ತು. ಅದರ ಮಾಲೀಕನನ್ನು ಎಲ್ಲರೂ ಸ್ಪೈರಲ್ ಎಂದೇ ಕರೆಯುತ್ತಿದ್ದರು. ಅವನು ಆಗಾಗ ರಸ್ತೆ ದಾಟಿ ಬಂದು, ಪ್ರೊಫೆಸರರ ಅಂಗಡಿಯ ಗೋಡೆಗಳನ್ನು ಅಳತೆಗಣ್ಣಿನಲ್ಲಿ ನೋಡಿ, "ಯಾವಾಗ ಮುಚ್ತೀರೋ ಹೇಳಿ ಸಾರ್. ನನಗೊಂದು ಗೋಡೌನ್ ಬೇಕು" ಎಂದು ಹಲ್ಲು ಕಿರಿದು ಹೋಗುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಕಾಲೇಜಿನ ಲೈಬ್ರರಿಯವರೊಬ್ಬರು ಬಂದರು. ಕಾಲೇಜಿಗೆ ಐವತ್ತು ತುಂಬಿದ ನೆನಪಿಗೆ ಒಂದು ಸಂಪುಟ ಅಚ್ಚಾಗುತ್ತಿತ್ತು. ಅದಕ್ಕೆ ಹಳೆಯ ಮಾದರಿಯ, ಬಟ್ಟೆ ಹೊದಿಸಿದ ಗಟ್ಟಿ ರಟ್ಟಿನ ಬೈಂಡಿಂಗೇ ಆಗಬೇಕೆಂದು ಪ್ರಿನ್ಸಿಪಾಲ್ ಮೇಡಂ ಹಟ ಹಿಡಿದಿದ್ದರಂತೆ.

"ಇದನ್ನ ಅಚ್ಚುಕಟ್ಟಾಗಿ ಮಾಡಿಕೊಡಿ. ಆಮೇಲೆ ಲೈಬ್ರರೀಲಿ ಹರಿದು ಬಿದ್ದಿರೋ ಪುಸ್ತಕ ಎಲ್ಲಾ ನಿಮ್ಮ ಅಂಗಡಿಗೇ" ಎಂದರು ಲೈಬ್ರರಿಯವರು. "ಕೂತು ತಿನ್ನೋವಷ್ಟು ಕೆಲಸ ಇದೆ."

ಪ್ರೊಫೆಸರರಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಆ ಕೆಲಸ ಬಂದರೆ ಅಂಗಡಿ ಉಳಿಯಿತು, ಬರದಿದ್ದರೆ ಸ್ಪೈರಲ್‌ನ ಗೋಡೌನು. ಇದು ಮೆಟ್ಟಿಲ ಮೇಲೆ ಕಿವಿಯಾನಿಸಿ ನಿಂತಿದ್ದ ಹೆಂಡತಿಗೂ ಗೊತ್ತು. ಅವಳು ಓಡಿಹೋಗಿ ಚಹಾ ಮಾಡಿ, ತಟ್ಟೆ ತುಂಬ ಬಿಸ್ಕತ್ತು ಜೋಡಿಸಿ ತಂದಿಟ್ಟಳು.

ಲೈಬ್ರರಿಯವರು ಚಹಾ ತೆಗೆದುಕೊಂಡರು. ತಟ್ಟೆಯನ್ನು ಮಾತ್ರ ಒಂದೇ ಬೆರಳಿನಿಂದ ಆಚೆ ತಳ್ಳಿದರು.

"ಬೇಡಮ್ಮ. ನಾನು ಗ್ಲೂಟೆನ್ ಬಿಟ್ಟಿದೀನಿ. ನಮ್ಮ ಪ್ರಿನ್ಸಿಪಾಲ್ ಮೇಡಂ ಬಿಟ್ಟ ಮೇಲೆ ನಮ್ಮ ಕಾಲೇಜಲ್ಲಿ ಹೆಚ್ಚೂ ಕಡಿಮೆ ಎಲ್ಲಾರೂ ಬಿಟ್ಟಿದೀವಿ."

ಆ ಪದವನ್ನು ಪ್ರೊಫೆಸರರು ಕೇಳಿದ್ದರು. ಹಿಂದೊಮ್ಮೆ ಬೈಂಡಿಂಗಿಗೆ ಬಂದಿದ್ದ ಆರೋಗ್ಯದ ಪುಸ್ತಕವೊಂದರ ಮೊದಲ ಪುಟದಲ್ಲಿ 'ಗ್ಲೂಟೆನ್ ಎಂದರೇನು?' ಎಂದಿತ್ತು. ಕೊನೆಯ ಪುಟದಲ್ಲಿ 'ಈಗ ನೀವು ಹೊಸ ಮನುಷ್ಯರು' ಎಂದಿತ್ತು. ಅದು ಗೋಧಿಯಲ್ಲೂ ಮೈದಾದಲ್ಲೂ ಇರುವ ಅಂಟಿನ ಅಂಶ, ಕೆಲವರ ಕರುಳಿಗೆ ಮಾತ್ರ ಆಗಿಬರುವುದಿಲ್ಲ ಎಂಬುದು ನಡುವಿನ ಪುಟಗಳಲ್ಲಿ ಇದ್ದಿರಬೇಕು. ಅದೆಲ್ಲ ವಿವರ.

"ನೀವು ಈಗ ಬಿಟ್ರಾ ಸಾರ್?" ಎಂದು ಪ್ರೊಫೆಸರರು ಕನಿಕರದಿಂದ ನಕ್ಕರು. "ನಮ್ಮನೇಲಿ ಅದನ್ನ ಬಿಟ್ಟು ಯಾವ ಕಾಲ ಆಯ್ತು! ಈ ಬಿಸ್ಕತ್ತು ಬಂದೋರಿಗೆ ಅಂತ ಅಷ್ಟೇ. ನಾವು ಮೂಸಿ ಕೂಡ ನೋಡೋದಿಲ್ಲ."

ಅದೇ ಬಿಸ್ಕತ್ತನ್ನು ಬೆಳಿಗ್ಗೆಯಷ್ಟೇ ಚಹಾದಲ್ಲಿ ಅದ್ದಿ ಅದ್ದಿ ಮುಗಿಸಿದ ಗಂಡನನ್ನು ಹೆಂಡತಿ ಕಣ್ಣು ಮಿಟುಕಿಸದೆ ನೋಡಿದಳು. ಲೈಬ್ರರಿಯವರು ಮಾತ್ರ ಎದ್ದು ನಿಂತು ಪ್ರೊಫೆಸರರ ಎರಡೂ ಕೈ ಹಿಡಿದುಕೊಂಡುಬಿಟ್ಟರು.

"ಎಂಥ ಒಳ್ಳೇ ಸುದ್ದಿ ಸಾರ್! ಮೇಡಂಗೆ ಹೊರಗೆ ಎಲ್ಲೂ ಊಟ ಮಾಡೋಕೆ ಆಗ್ತಿಲ್ಲ. ನಿಮ್ಮನೆಗೇ ಕರ್ಕೊಂಡು ಬರ್ತೀನಿ. ಊಟಾನೂ ಆಯ್ತು, ಕೆಲಸದ ಮಾತೂ ಆಯ್ತು."

ಅವರು ಹೋದ ಮೇಲೆ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು, "ಏನ್ರೀ ಅದು, ನಮ್ಮನೇಲಿ ಬಿಟ್ಟಿರೋದು?"

"ಬಿಟ್ಟಿಲ್ಲ. ಈಗ ಬಿಡಬೇಕು" ಎಂದು ಪ್ರೊಫೆಸರರು ಮೆಟ್ಟಿಲು ಹತ್ತತೊಡಗಿದರು.

ಸಾಮಾನ್ಯ ಮನುಷ್ಯನಾಗಿದ್ದರೆ ಮೇಡಂ ಬರುವ ದಿನ ಒಂದು ಹೊತ್ತಿನ ಅಡುಗೆ ಬದಲಾಯಿಸಿ ಸುಮ್ಮನಾಗುತ್ತಿದ್ದ. ಪ್ರೊಫೆಸರರು ಹೇಳಿದ ಸುಳ್ಳನ್ನು ತಾವೇ ಮೊದಲು ನಂಬುವ ಜಾತಿ. ಸಂಜೆಯೊಳಗೆ ಗ್ಲೂಟೆನ್ನು ಅವರ ಪಾಲಿಗೆ ಗಾಳಿಯಲ್ಲಿ ಹಾರಾಡುವ, ಬಿರುಕಿನಲ್ಲಿ ಅಡಗಿ ಕೂರುವ ಜೀವಜಂತುವಾಗಿಬಿಟ್ಟಿತ್ತು. ಅಡುಗೆಮನೆಯ ಬ್ರೆಡ್ಡು, ಬಿಸ್ಕತ್ತು, ಗೋಧಿ ಹಿಟ್ಟು ಎಲ್ಲವೂ ಪಕ್ಕದ ಮನೆಗಳ ಪಾಲಾದವು. ಲಟ್ಟಣಿಗೆಯನ್ನು ಅವರು ಕುದಿಯುವ ನೀರಿನಲ್ಲಿ ಮುಳುಗಿಸಿಟ್ಟರು. ಮೇಲೆ ತೇಲಿ ಬಂದಾಗಲೆಲ್ಲ ಸೌಟಿನಿಂದ ಒತ್ತಿ ಒಳಗೆ ಕಳಿಸಿದರು. ಆಮೇಲೆ ಅವರ ಕಣ್ಣು ಗೋಡೆಯ ಕಡೆ ತಿರುಗಿತು. ಅಲ್ಲಿ ತೀರಿಹೋದ ತಂದೆಯ ದೊಡ್ಡ ಫೋಟೊ ಇತ್ತು. ಬದುಕಿದ್ದಾಗ ತಂದೆಯೇ ಅದನ್ನು ರಟ್ಟಿಗೆ ಅಂಟಿಸಿ ಕಟ್ಟು ಹಾಕಿದ್ದರು. ಅಂಟಿಸಿದ್ದು ಮೈದಾದ ಅಂಟಿನಲ್ಲಿ.

"ಅಮ್ಮಾ, ಅಪ್ಪನ್ನ ಸ್ವಲ್ಪ ಹೊರಗಿಡೋಣ" ಎಂದು ಪ್ರೊಫೆಸರರು ಸ್ಟೂಲು ಹತ್ತಿದರು.

ಮುದುಕಿ ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ಎದ್ದು ಬಂದಳು. "ಏನೋ ಅಂದೆ?"

"ಅವರ ಹಿಂದೆ ಗ್ಲೂಟೆನ್ ಇದೆ ಅಮ್ಮ."

"ಅವರ ಹಿಂದೆ ಗೋಡೆ ಇದೆ ಕಣೋ! ಈ ಅಂಗಡಿ ಕಟ್ಟಿದ ಮನುಷ್ಯನ್ನ ಮೈದಾ ಅಂತ ಬೀದಿಗೆ ಹಾಕ್ತೀಯಾ? ಇಳಿ ಕೆಳಗೆ!"

ಪ್ರೊಫೆಸರರು ಇಳಿದರು. ಫೋಟೊ ಕೈಯಲ್ಲಿ ಹಿಡಿದುಕೊಂಡೇ ಇಳಿದರು. ಅದನ್ನು ಹೊರಗಿನ ಜಗಲಿಯಲ್ಲಿ, ಚಪ್ಪಲಿ ಸ್ಟ್ಯಾಂಡಿನ ಮೇಲೆ ನೇತುಹಾಕಿದರು. ಮುದುಕಿ ಅಂದು ಮಗನ ಜತೆ ಮಾತು ಬಿಟ್ಟಳು. ಅವಳಿಗೆ ಸಿಟ್ಟಷ್ಟೇ ಅಲ್ಲ, ನೋವೂ ಆಗಿತ್ತು. ಊಟ ಬೇಡವೆಂದು ಮಲಗಿಬಿಟ್ಟಳು.

ಮರುದಿನ ಹೊಸ ಹಿಟ್ಟು ಬಂತು. ಪ್ರಿನ್ಸಿಪಾಲ್ ಮೇಡಂ ಅವರ ಸೋದರಸಂಬಂಧಿಯೊಬ್ಬರು ಇಂಥ ಪದಾರ್ಥಗಳನ್ನೇ ಮಾರುವ ಅಂಗಡಿ ಇಟ್ಟಿದ್ದರು. ಮೇಡಂ ಗ್ಲೂಟೆನ್ ಬಿಟ್ಟದ್ದು ಆ ಅಂಗಡಿ ತೆರೆದ ಮೇಲೆಯೇ ಎಂದು ಕೆಲವರು ಆಡಿಕೊಳ್ಳುತ್ತಿದ್ದರು. ಬಾದಾಮಿಯ ಎಣ್ಣೆ ಹಿಂಡಿ ತೆಗೆದ ಮೇಲೆ ಉಳಿಯುವ ಒಣ ಹಿಂಡಿಯನ್ನು ನುಣ್ಣಗೆ ಪುಡಿ ಮಾಡಿ, ಚೆಂದದ ಚೀಲಗಳಿಗೆ ತುಂಬಿದ್ದರು. ಹೆಂಡತಿ ಅದನ್ನು ಕಲಸಿದರೆ ಒದ್ದೆ ಮರಳಿನಂತೆ ಉದುರಿತು. ಲಟ್ಟಿಸಿದರೆ ಹರಿಯಿತು. ಹೇಗೋ ತಟ್ಟಿ ಬೇಯಿಸಿ ಗಂಡನ ತಟ್ಟೆಗೆ ಹಾಕಿದಳು.

ಪ್ರೊಫೆಸರರು ಅಗಿದರು. ಮತ್ತೂ ಅಗಿದರು. ಕಣ್ಣಲ್ಲಿ ನೀರು ಬಂತು.

"ಹೇಗಿದೆ ರೀ?"

"ಹಗುರ" ಎಂದರು ಪ್ರೊಫೆಸರರು, ನೀರು ಕುಡಿದು. "ತುಂಬಾ ಹಗುರ."

"ದನಕ್ಕೆ ಹಾಕೋ ಹಿಂಡಿ ಇದು" ಎಂದು ಮುದುಕಿ ಗೋಡೆಗೆ ಹೇಳುವಂತೆ ಹೇಳಿದಳು. "ದನಾನೂ ಎರಡು ಸಲ ಯೋಚನೆ ಮಾಡಿ ತಿನ್ನುತ್ತೆ."

ಅದೇ ವಾರ ಪ್ರೊಫೆಸರರ ಅಕ್ಕನ ಗಂಡ ಬಂದರು. ರೈಲಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ತಾವು ಬಾವುಟ ತೋರಿಸದೆ ಜಗತ್ತಿನಲ್ಲಿ ಯಾವುದೂ ಹೊರಡುವುದಿಲ್ಲ ಎಂಬ ಗತ್ತು ಇನ್ನೂ ಇಳಿದಿರಲಿಲ್ಲ. ಕೈಯಲ್ಲಿ ಒಂದು ಕೇಕಿನ ಡಬ್ಬಿ ಇತ್ತು. ಪ್ರೊಫೆಸರರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಬಾಗಿಲಲ್ಲೇ ತಡೆದರು.

"ಭಾವ, ನೀವು ಬನ್ನಿ. ಅದು ಬೇಡ."

"ಅದು ಅಂದ್ರೆ?"

"ಕೇಕು. ಅದು ಒಳಗೆ ಬಂದ್ರೆ ಮನೆಯೆಲ್ಲಾ ಮತ್ತೆ ತೊಳೀಬೇಕು. ಜಗಲಿ ಮೇಲೆ ಅಪ್ಪನ ಪಕ್ಕ ಇಡಿ."

ಭಾವ ತಲೆಯೆತ್ತಿ ನೋಡಿದರು. ಚಪ್ಪಲಿಗಳ ಮೇಲೆ ಮಾವನವರು ನೇತಾಡುತ್ತಿದ್ದರು. ಭಾವನ ಮುಖ ಕೆಂಪಗಾಯಿತು.

"ಹೆಣ್ಣು ಕೊಟ್ಟ ಮಾವನ್ನ ಚಪ್ಪಲಿ ಜತೆ ನಿಲ್ಲಿಸಿರೋ ಮನೆಗೆ ನಾನು ಕಾಲಿಡೋದಿಲ್ಲ! ಕೇಕೂ ಇಡೋದಿಲ್ಲ!" ಎಂದು ಬಂದ ದಾರಿಯಲ್ಲೇ ಹೊರಟರು. ಬೀದಿಯ ತುದಿಯಲ್ಲಿ ನಿಂತು ಸ್ಪೈರಲ್‌ನ ಜತೆ ಅರ್ಧ ಕೇಕು ತಿಂದು, ಉಳಿದರ್ಧದ ಜತೆ ಈ ಸುದ್ದಿಯನ್ನೂ ಮನೆಗೆ ಒಯ್ದರು. ಸಂಜೆಯ ಹೊತ್ತಿಗೆ ಬಂಧುಬಳಗದಲ್ಲೆಲ್ಲ ಪ್ರೊಫೆಸರರಿಗೆ ತಲೆ ಕೆಟ್ಟಿದೆ ಎಂಬ ಮಾತು ಹರಡಿತು. ಬಂಧುಗಳು ಆಶ್ಚರ್ಯಪಡಲಿಲ್ಲ ಎಂಬುದನ್ನೂ ಹೇಳಬೇಕು.

ಮುದುಕಿ ಇನ್ನು ತಡೆಯಲಾರದೆ ಸೊಸೆಯನ್ನು ಹಿತ್ತಲಿಗೆ ಕರೆದಳು.

"ಕೆಳಗೆ ಅಂಟಿನ ಡಬ್ಬದಲ್ಲಿ ಮೈದಾ ಇದೆಯಲ್ಲ. ಅದಕ್ಕೇನೂ ಶಾಪ ತಟ್ಟಿಲ್ಲ ತಾನೆ?"

"ಅದು ಬೈಂಡಿಂಗಿಗೆ ಅಲ್ವಾ ಅತ್ತೆ? ಅಂಗಡಿಗೆ ಇರಲಿ ಅಂದಿದಾರೆ."

"ಆ ಮೈದಾನ ಮೇಲಕ್ಕೆ ತಗೊಂಡು ಬಾ, ರೊಟ್ಟಿ ಮಾಡೋಣ. ಈ ಹಿಂಡೀನ ಅಂಟಿನ ಡಬ್ಬಕ್ಕೆ ಸುರಿ. ಹಿಟ್ಟು ಹಿಟ್ಟೇ. ಕಾಯಿಸಿದ್ರೆ ಹಿಡಿಯುತ್ತೆ. ತಿನ್ನೋ ಪದಾರ್ಥ ಬಿಸಾಡಿದ ಹಾಗೂ ಆಗಲ್ಲ."

ಸೊಸೆ ಒಂದು ಕ್ಷಣ ಯೋಚಿಸಿದಳು. ಆ ಮನೆಯಲ್ಲಿ ಯೋಚಿಸುವವರು ಕಡಿಮೆಯಾದ್ದರಿಂದ ಆ ಕೆಲಸ ಅವಳಿಗೆ ಬಿದ್ದಿತ್ತು. ಆದರೆ ಅವಳಿಗೂ ಹಸಿವಾಗಿತ್ತು. ಅದಲು ಬದಲಾಯಿತು.

ಅಂದು ಮಧ್ಯಾಹ್ನ ತಟ್ಟೆಗೆ ಬಿದ್ದ ರೊಟ್ಟಿ ಬೆಳ್ಳಗೆ, ಮೆತ್ತಗೆ ಇತ್ತು. ಪ್ರೊಫೆಸರರು ಅನುಮಾನದಿಂದ ಎತ್ತಿ ಹಿಡಿದು ನೋಡಿದರು.

"ಇದೇನು, ಇಷ್ಟು ಬೆಳ್ಳಗೆ?"

"ಅಷ್ಟು ದುಬಾರಿ ಹಿಟ್ಟು ಬೆಳ್ಳಗಿರದೆ ಕರ್ರಗಿರುತ್ತಾ?" ಎಂದಳು ಮುದುಕಿ. ಮಗನ ಜತೆ ಮಾತು ಬಿಟ್ಟದ್ದನ್ನು ಆ ಒಂದು ವಾಕ್ಯಕ್ಕಾಗಿ ಮುರಿದಿದ್ದಳು. "ಕೈ ಪಳಗಬೇಕಿತ್ತು, ಪಳಗಿದೆ. ತಿನ್ನು."

ಪ್ರೊಫೆಸರರು ಒಂದರ ಮೇಲೊಂದು ತಿಂದು, ಹೊಟ್ಟೆ ಸವರಿಕೊಂಡು, ಆ ದಿನದಿಂದ ಬೇರೆಯೇ ಮನುಷ್ಯರಾದರು. ಮೈ ಹೂವಿನ ಹಾಗೆ ಆಗಿದೆ ಎಂದರು. ನೆನಪಿನ ಶಕ್ತಿ ಮರಳಿದೆ ಎಂದರು. ಎಲ್ಲಿಟ್ಟರೆಂದು ಮರೆತಿದ್ದ ಕತ್ತರಿ ಸಿಕ್ಕಿದ್ದಕ್ಕೂ ಗ್ಲೂಟೆನ್ ಬಿಟ್ಟದ್ದೇ ಕಾರಣವಾಯಿತು. ಪಕ್ಕದ ಕ್ಲಿನಿಕ್ಕಿನ ಡಾಕ್ಟರನ್ನು ರಸ್ತೆಯಲ್ಲೇ ನಿಲ್ಲಿಸಿಕೊಂಡು ಪಾಠ ಹೇಳಿದರು.

"ಡಾಕ್ಟ್ರೇ, ನಿಮ್ಮ ಪೇಷಂಟುಗಳಿಗೆಲ್ಲ ಇದನ್ನೇ ಹೇಳಿ. ಮಾತ್ರೆ ಗೀತ್ರೆ ಏನೂ ಬೇಡ."

"ನೋಡಿ ಸ್ವಾಮಿ" ಎಂದರು ಡಾಕ್ಟರು. ಅವರು ಬೆಳಗಿನಿಂದ ಕೆಮ್ಮುಗಳನ್ನು ಕೇಳಿ ದಣಿದಿದ್ದರು. "ಆ ಕಾಯಿಲೆ ನಿಜವಾಗಿ ಇರೋರು ನನ್ನ ಹತ್ರ ಬರ್ತಾರೆ. ಒಂದು ತುಣುಕು ಬ್ರೆಡ್ ತಿಂದ್ರೆ ನರಳ್ತಾರೆ ಪಾಪ. ಅವರಿಗೆ ಅದು ಪ್ರಾಣದ ಪ್ರಶ್ನೆ. ನಿಮ್ಮನ್ನ ನಾನು ಎಷ್ಟೋ ಸಲ ಪರೀಕ್ಷೆ ಮಾಡಿದೀನಿ. ನಿಮ್ಮ ಹೊಟ್ಟೇಲಿ ಕಲ್ಲು ಹಾಕಿದ್ರೂ ಕರಗುತ್ತೆ."

"ಅದು ಮೊದಲು. ಈಗ ಸೂಕ್ಷ್ಮ ಆಗಿದೆ" ಎಂದು ಪ್ರೊಫೆಸರರು ಹೆಮ್ಮೆಯಿಂದ ನಕ್ಕರು.

ಸೂಕ್ಷ್ಮವಾದ ಮೇಲೆ ಅಂಟು ಮುಟ್ಟುವುದು ಹೇಗೆ? ಚರ್ಮದ ಮೂಲಕ ಗ್ಲೂಟೆನ್ ಇಳಿಯುತ್ತದೆಂದು ಅವರೇ ಒಂದು ಶಾಸ್ತ್ರ ಕಟ್ಟಿದರು. ಅಂಗಡಿಯಲ್ಲಿ ದಪ್ಪ ರಬ್ಬರ್ ಕೈಗವಸು, ಮೂಗಿಗೆ ಬಾಯಿಗೆ ಮಾಸ್ಕು ಹಾಕಿಕೊಂಡೇ ಕೂರತೊಡಗಿದರು. ಇಷ್ಟು ವರ್ಷ ಎರಡು ಬೆರಳ ನಡುವೆ ಒತ್ತಿ ಎಳೆದರೆ ಅಂಟು ಎಷ್ಟು ಗಟ್ಟಿ ಎಂದು ತಿಳಿಯುತ್ತಿದ್ದ ಕೈ ಅದು. ಮೂಗಿಗೆ ಹಿಡಿದರೆ ಹದವಾಗಿ ಬೆಂದಿದೆಯೇ ಎಂದು ಗೊತ್ತಾಗುತ್ತಿತ್ತು. ಈಗ ಕೈಯೂ ಇಲ್ಲ, ಮೂಗೂ ಇಲ್ಲ. ಬುದ್ಧಿ ಮೊದಲೇ ರಜದ ಮೇಲಿತ್ತು.

ಪ್ರಿನ್ಸಿಪಾಲ್ ಮೇಡಂ ಊಟಕ್ಕೆ ಬಂದರು. ಹಿಂದೆ ಲೈಬ್ರರಿಯವರು ಅವರ ಕೈಚೀಲ ಹಿಡಿದು ಬಂದರು. ಮೇಡಂ ಅಡುಗೆಮನೆಯ ಕಪಾಟು ತೆಗೆಸಿ ನೋಡಿದರು, ಖಾಲಿ ಚೀಲಗಳ ಮೇಲೆ ಸೋದರಸಂಬಂಧಿಯ ಅಂಗಡಿಯ ಹೆಸರು ಕಂಡು ಕಣ್ಣರಳಿಸಿದರು, ಊಟಕ್ಕೆ ಕೂತರು. ಅತ್ತೆಸೊಸೆ ಬಾಗಿಲ ಹಿಂದೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮೇಡಂ, ಒಂದು ಮಾತು" ಎಂದಳು ಸೊಸೆ, ಸೆರಗು ಹಿಂಡುತ್ತ. "ನಿಮಗೆ ಡಾಕ್ಟ್ರೇ ಬಿಡಿ ಅಂದಿದ್ದಾ ಇದನ್ನ? ಕಾಯಿಲೆ ಏನಾದರೂ…"

"ಛೆ, ಡಾಕ್ಟ್ರಿಗೆ ಏನು ಗೊತ್ತು? ಪರೀಕ್ಷೆ ಮಾಡಿ ಏನೂ ಇಲ್ಲ, ಎಲ್ಲಾ ತಿನ್ನಿ ಅಂತಾರೆ. ನಾನೇ ಕಂಡುಕೊಂಡಿದ್ದು. ಗ್ಲೂಟೆನ್ ಒಂದು ಚೂರು ಹೊಟ್ಟೆಗೆ ಹೋದ್ರೂ ನನಗೆ ತಕ್ಷಣ ತಲೆ ಭಾರ ಆಗುತ್ತೆ."

ಸೊಸೆಯ ಎದೆಯ ಭಾರ ಇಳಿಯಿತು. ಮೇಡಂ ಮೈದಾ ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ತಿಂದರು. ಇನ್ನೊಂದು ಹಾಕಿಸಿಕೊಂಡರು. ಮತ್ತೊಂದಕ್ಕೂ ತಟ್ಟೆ ಮುಂದೆ ಮಾಡಿದರು. ಎಲ್ಲರೂ ಅವರ ತಲೆಯನ್ನೇ ನೋಡುತ್ತಿದ್ದರು.

"ನೋಡಿದ್ರಾ?" ಎಂದು ಮೇಡಂ ಲೈಬ್ರರಿಯವರ ಕಡೆ ತಿರುಗಿದರು. "ಎಷ್ಟು ಹಗುರ! ಇದೇ ಬೇರೆಯವರ ಮನೆ ರೊಟ್ಟಿ ಆಗಿದ್ರೆ ನಾನು ಇಷ್ಟೊತ್ತಿಗೆ ಮಲಗಿರ್ತಿದ್ದೆ. ಸಂಪುಟದ ಕೆಲಸ ಇವರಿಗೇ ಕೊಡಿ. ಅದು ಚೆನ್ನಾಗಿ ಬಂದ್ರೆ ಲೈಬ್ರರಿ ಕೆಲಸಾನೂ ಇವರಿಗೇ."

ಕೆಲಸ ಬಂತು. ಅಚ್ಚಾದ ಪುಟಗಳ ಕಟ್ಟುಗಳು ಅಂಗಡಿ ತುಂಬಿದವು. ಹೆಂಡತಿ ಸೂಜಿ ದಾರ ಹಿಡಿದು ಕೂತರೆ ಪ್ರೊಫೆಸರರು ಬೇಡವೆಂದರು. ಬೀದಿಯಲ್ಲಿ ಆರೋಗ್ಯೋಪನ್ಯಾಸ ಮಾಡಿ ಮಾಡಿ ಅವರು ಅರ್ಧ ಸಮಯ ಕಳೆದುಬಿಟ್ಟಿದ್ದರು, ಹೊಲಿಗೆಗೆ ಹೊತ್ತಿರಲಿಲ್ಲ.

"ಹೊಲಿಯದೆ ಹೇಗ್ರೀ ನಿಲ್ಲುತ್ತೆ?"

"ಬೆನ್ನಿಗೆ ದಪ್ಪಗೆ ಅಂಟು ಬಳಿದು ಒತ್ತಿದ್ರೆ ಆಯ್ತು. ನಮ್ಮ ಅಂಟಿನ ಮೇಲೆ ನಿನಗೆ ನಂಬಿಕೆ ಇಲ್ವಾ?"

ಹೆಂಡತಿ ಅತ್ತೆಯ ಕಡೆ ನೋಡಿದಳು. ಅತ್ತೆ ಹಿತ್ತಲ ಒಲೆಯ ಮುಂದೆ ಪಾತ್ರೆ ತಿರುವುತ್ತ, "ಗಟ್ಟಿ ಆಗ್ತಿದೆ ಬಿಡೆ" ಎಂದಳು. ಗಟ್ಟಿಯಾಗುತ್ತಿತ್ತು, ನಿಜ. ಅದು ನೀರು ಆರಿ ಹಿಂಡಿ ತಳಕ್ಕೆ ಕೂರುತ್ತಿದ್ದ ಗಟ್ಟಿ. ವಯಸ್ಸಾದ ಕಣ್ಣಿಗೆ ಎರಡೂ ಒಂದೇ. ಪ್ರೊಫೆಸರರು ಕೈಗವಸಿನಲ್ಲಿ ಬ್ರಶ್ಶು ಹಿಡಿದು ಬಳಿದರು, ಬಟ್ಟೆಯ ರಟ್ಟು ಹೊದಿಸಿದರು, ಕಬ್ಬಿಣದ ಒತ್ತುಯಂತ್ರಕ್ಕೆ ಕೊಟ್ಟು ತಿರುಚಿದರು. ಅಲ್ಲಿಂದ ತೆಗೆದ ಪುಸ್ತಕಗಳನ್ನು ಕಾಗದದಲ್ಲಿ ಬಿಗಿಯಾಗಿ ಸುತ್ತಿ ದಾರ ಕಟ್ಟಿದರು. ದಾರ ಇರುವವರೆಗೆ ಅವು ಎಷ್ಟು ಗಟ್ಟಿಯಾಗಿದ್ದವೆಂದರೆ ಲೈಬ್ರರಿಯವರು ಬೆರಳಿನಿಂದ ತಟ್ಟಿ ನೋಡಿ ಭೇಷ್ ಎಂದರು.

ಸಮಾರಂಭದ ದಿನ ಕಾಲೇಜಿನ ಸಭಾಂಗಣ ತುಂಬಿತ್ತು. ಪ್ರೊಫೆಸರರು ಇಸ್ತ್ರಿ ಮಾಡಿದ ಕೋಟು ಹಾಕಿ ಎರಡನೇ ಸಾಲಿನಲ್ಲಿ, ಒಂದು ಬದಿಗೆ ತಾಯಿ, ಇನ್ನೊಂದು ಬದಿಗೆ ಹೆಂಡತಿ ಸಮೇತ ಕೂತಿದ್ದರು. ಕಾಲೇಜಿನ ಪರೀಕ್ಷಾ ನೋಟ್ಸುಗಳಿಗೆಲ್ಲ ಸುರುಳಿ ಹಾಕಿಕೊಡುತ್ತಿದ್ದ ಸ್ಪೈರಲ್ ಮುಂದಿನ ಸಾಲಿನಲ್ಲೇ ಇದ್ದ. ಮುಖ್ಯ ಅತಿಥಿ ಒಬ್ಬ ನಿವೃತ್ತ ನ್ಯಾಯಾಧೀಶರು. ಅವರು ದಾರ ಬಿಚ್ಚಿ, ಸಂಪುಟವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಫೋಟೊಗೆಂದು ತೆರೆದರು.

ಪುಟಗಳು ಇಳಿದು ಬಂದವು. ಮೊದಲು ಸಂಪಾದಕೀಯ ಬಿತ್ತು. ಅದರ ಹಿಂದೆ ಸಂದೇಶಗಳು, ಸಂಸ್ಥಾಪಕರ ಭಾವಚಿತ್ರ, ಜಾಹೀರಾತುಗಳು, ಐವತ್ತು ವರ್ಷಗಳ ಇತಿಹಾಸ. ಬೆನ್ನಿನಿಂದ ಕೆನೆಬಣ್ಣದ ಪುಡಿ ನ್ಯಾಯಾಧೀಶರ ಕರಿ ಪ್ಯಾಂಟಿನ ಮೇಲೆ ಸುರಿಯಿತು. ಅವರ ಕೈಯಲ್ಲಿ ಉಳಿದದ್ದು ಎರಡು ರಟ್ಟು. ಅವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಅವರು ಮೈಕಿನಲ್ಲಿ, "ಸಂಕ್ಷಿಪ್ತವಾಗಿದೆ" ಎಂದರು.

ಮೇಡಂ ಗಾಬರಿಯಿಂದ ಇನ್ನೊಂದು ಪ್ರತಿ ಬಿಚ್ಚಿದರು. ಅದೂ ಉದುರಿತು. ಸಭೆಯಲ್ಲಿ ಪ್ರತಿ ಸಿಕ್ಕವರೆಲ್ಲ ಬಿಚ್ಚಿದರು. ಫ್ಯಾನುಗಳು ಜೋರಾಗಿ ತಿರುಗುತ್ತಿದ್ದುದರಿಂದ ಕಾಲೇಜಿನ ಇತಿಹಾಸ ಸಭಾಂಗಣದ ತುಂಬ ಹಾರಾಡಿತು. ಸ್ಪೈರಲ್ ಹಿಂದಕ್ಕೆ ತಿರುಗಿ, "ನಾಳೆಯಿಂದಲೇ ಸಾಮಾನು ಇಡಬಹುದಾ ಸಾರ್, ಗೋಡೌನಿಗೆ?" ಎಂದು ಕೇಳಿದ.

ಪ್ರೊಫೆಸರರ ಮುಖದ ನೀರಿಳಿದುಹೋಯಿತು. "ಅಂಟಿಗೆ ಏನಾಯ್ತು? ಅಮ್ಮಾ, ಅಂಟಿಗೆ ಏನು ಹಾಕಿದ್ರಿ?"

"ಆ ಹಿಂಡಿ" ಎಂದಳು ಮುದುಕಿ ಪಿಸುಮಾತಿನಲ್ಲಿ. "ಹಿಡಿಯುತ್ತೆ ಅಂದ್ಕೊಂಡೆ ಕಣೋ."

"ಮತ್ತೆ ನಾನು ತಿಂದಿದ್ದು?"

"ಮೈದಾ."

"ಮೇಡಂ ತಿಂದಿದ್ದು?"

"ಅವರಿಗೂ ಮೈದಾನೇ" ಎಂದಳು ಹೆಂಡತಿ. "ಈಗ ಕರೀತಿದಾರೆ ನೋಡಿ, ಹೋಗಿ."

ವೇದಿಕೆಯ ಮೇಲಿನಿಂದ ಮೇಡಂ ಬೆರಳು ಬಾಗಿಸಿ ಕರೆಯುತ್ತಿದ್ದರು. ಪ್ರೊಫೆಸರರು ಮೆಟ್ಟಿಲು ಹತ್ತಿದರು.

"ಏನ್ರೀ ಇದು? ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ ಅಂದ್ರಿ. ಊಟ ಮಾಡಿ ಕೈ ತೊಳೆಯೋವಷ್ಟು ಹೊತ್ತೂ ನಿಲ್ಲಲಿಲ್ಲ! ಯಾವ ಅಂಟು ಹಾಕಿದ್ರಿ?"

ಸತ್ಯವಂತನಾದವನು ಅಲ್ಲಿ ತಪ್ಪಾಯಿತು ಎನ್ನುತ್ತಿದ್ದ. ಪ್ರೊಫೆಸರರ ಕಣ್ಣ ಮುಂದೆ ಅಂಗಡಿಯ ತುಂಬ ಪ್ಲಾಸ್ಟಿಕ್ ಸುರುಳಿಗಳು ಕಂಡವು. ಅವರು ಮಾಡುತ್ತಿದ್ದ ಕೆಲಸಗಳಲ್ಲಿ ಒಂದನ್ನು ಮಾತ್ರ ಯಾವ ಕೈಗವಸೂ ಕೆಡಿಸಿರಲಿಲ್ಲ.

"ಗ್ಲೂಟೆನ್ ಇಲ್ಲದ ಅಂಟು ಮೇಡಂ" ಎಂದರು ಮೈಕಿನಲ್ಲೇ.

"ಏನಂದ್ರಿ?"

"ಪುಸ್ತಕದ ಅಂಟೆಲ್ಲಾ ಮೈದಾ. ನೀವು ಕೈಯಲ್ಲಿ ಮುಟ್ಟೋ ಪುಸ್ತಕ. ಮುಟ್ಟಿದ ಕೈ ಬಾಯಿಗೆ ಹೋಗುತ್ತೆ. ತಮ್ಮ ಆರೋಗ್ಯಕ್ಕೆ ಅಂತ ನಿಮ್ಮ ಸೋದರಸಂಬಂಧಿಯವರ ಹಿಟ್ಟಿನಲ್ಲೇ ಅಂಟು ಕಾಯಿಸಿದ್ವಿ. ಪ್ರಪಂಚದಲ್ಲೇ ಮೊದಲು. ಹಿಡಿಯೋದು ಒಂದು ಸ್ವಲ್ಪ ಕಡಿಮೆ."

ಮೇಡಂ ಇಕ್ಕಟ್ಟಿಗೆ ಸಿಕ್ಕರು. ಬೈಯಬೇಕೆಂದರೆ ಗ್ಲೂಟೆನ್ ಬೇಕೆನ್ನಬೇಕು. ಆ ಮಾತನ್ನು ತಮ್ಮ ಇಡೀ ಸಿಬ್ಬಂದಿಯ ಎದುರು, ಸೋದರಸಂಬಂಧಿಯ ಎದುರು ಆಡುವುದಾದರೂ ಹೇಗೆ? ಮುಂದಿನ ಸಾಲಿನಲ್ಲಿ ಆ ಸೋದರಸಂಬಂಧಿ ಎದ್ದು ನಿಂತು ಚಪ್ಪಾಳೆ ಹೊಡೆಯತೊಡಗಿದರು. ಲೈಬ್ರರಿಯವರು ಮೇಡಂ ಮುಖ ನೋಡಿಕೊಂಡು, ಅಪಾಯವಿಲ್ಲವೆಂದು ಖಚಿತಪಡಿಸಿಕೊಂಡು, ತಾವೂ ಹೊಡೆದರು. ಹಿಂದೆಯೇ ಇಡೀ ಸಭಾಂಗಣ ಹೊಡೆಯಿತು. ಮೇಡಂ ಅವರ ಕಣ್ಣು ತೇವವಾಯಿತು.

"ನೆಲದ ಮೇಲಿರೋ ಪುಟಗಳನ್ನ ಎಲ್ಲರೂ ಮನೆಗೆ ತಗೊಂಡು ಹೋಗಿ ಜೋಡಿಸಿಕೊಳ್ಳಿ" ಎಂದು ಅಪ್ಪಣೆ ಕೊಡಿಸಿದರು. "ಇನ್ನುಮೇಲೆ ನಮ್ಮ ಲೈಬ್ರರಿಯ ಪ್ರತಿಯೊಂದು ಪುಸ್ತಕಕ್ಕೂ ಇದೇ ಬೈಂಡಿಂಗು. ಹೊಲಿಗೆ ಬೇಕಾದ್ರೆ ಹಾಕಿ, ಅಂಟು ಮಾತ್ರ ಇದೇ. ಹಿಟ್ಟನ್ನ ಕಾಲೇಜೇ ಕಳಿಸಿಕೊಡುತ್ತೆ."

ಅಂಗಡಿ ಉಳಿಯಿತು. ಸ್ಪೈರಲ್ ಗೋಡೌನು ಹುಡುಕಿಕೊಂಡು ಬೇರೆ ಬೀದಿಗೆ ಅಲೆದ. ಪುಸ್ತಕಗಳ ಮೂಟೆಗಳ ಜತೆ ಹಿಂಡಿಯ ಮೂಟೆಗಳೂ ಬರತೊಡಗಿದವು. ಹೆಂಡತಿ ಗಂಡನನ್ನು ಕೂರಿಸಿಕೊಂಡು ಮೊದಲ ಬಾರಿಗೆ ಅಂಗಡಿಯ ನಿಯಮ ಹೇಳಿದಳು.

"ಪುಸ್ತಕಕ್ಕೆ ಮೈದಾನೇ ಹಾಕ್ತೀವಿ, ಹೊಲಿಗೇನೂ ಹಾಕ್ತೀವಿ. ಇನ್ನೊಂದು ಸಲ ಉದುರಿದ್ರೆ ಚಪ್ಪಾಳೆ ಹೊಡೆಯೋದಿಲ್ಲ, ಬೇರೆ ಏನಾದರೂ ಹೊಡೀತಾರೆ. ನೀವು ಆ ಕೈಗವಸು ಬಿಚ್ಚಿ ಮೊದಲು."

ಪ್ರೊಫೆಸರರು ಬಿಚ್ಚಿದರು. "ಮತ್ತೆ ಈ ಹಿಂಡಿ?"

ಅದೇ ಪ್ರಶ್ನೆ. ತಿಪ್ಪೆಗೆ ಸುರಿಯೋಣವೆಂದರೆ ಸ್ಪೈರಲ್ ಹಗಲಿಡೀ ಎದುರಿನ ತನ್ನ ಅಂಗಡಿಯಲ್ಲಿ ಕೂತು ಇವರ ಕಸದ ಬುಟ್ಟಿಯನ್ನೇ ನೋಡುತ್ತಿದ್ದ. ಒಂದು ಚೀಲ ಅದರಲ್ಲಿ ಕಂಡರೆ ಕಾಲೇಜಿಗೆ ಸುದ್ದಿ ಮುಟ್ಟಿಸಲು ಕಾದಿದ್ದ. ಲೈಬ್ರರಿಯವರು ಪ್ರತಿ ಸಲವೂ ಖಾಲಿ ಚೀಲ ಎಣಿಸಿ ವಾಪಸು ಒಯ್ಯುತ್ತಿದ್ದರು. ಬೀದಿ ನಾಯಿಗೆ ಇಟ್ಟರೆ ಅದು ಮೂಸಿ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು, ಅಂದಿನಿಂದ ದಾರಿಯನ್ನೇ ಬದಲಾಯಿಸಿತು. ಭಾವನಿಗೆ ಕಳಿಸಿದರೆ ವಾಪಸು ಬಂತು.

"ನೀವೇ ತಾನೆ ಹೇಳಿದ್ದು, ನಮ್ಮನೇಲಿ ಬಿಟ್ಟು ಯಾವ ಕಾಲ ಆಯ್ತು ಅಂತ?" ಎಂದಳು ಹೆಂಡತಿ. "ಈಗ ಬಿಡಿ."

"ಅಮ್ಮಾ…" ಎಂದು ಪ್ರೊಫೆಸರರು ತಾಯಿಯ ಕಡೆ ತಿರುಗಿದರು.

"ತಿನ್ನೋ ಪದಾರ್ಥ ಬಿಸಾಡಬಾರದು ಕಣೋ" ಎಂದಳು ಮುದುಕಿ. ಅವಳು ತನ್ನ ಗಂಡನ ಫೋಟೊವನ್ನು ಒರೆಸಿ ಗೋಡೆಗೆ ಹಾಕುವುದರಲ್ಲಿ ನಿರತಳಾಗಿದ್ದಳು.

ಅಂದಿನಿಂದ ಆ ಮನೆಯಲ್ಲಿ ಎರಡು ಅಡುಗೆ. ಅತ್ತೆಸೊಸೆಗೆ ಬೆಳ್ಳನೆಯ ರೊಟ್ಟಿ, ಬ್ರೆಡ್ಡು, ಚಹಾಕ್ಕೆ ಬಿಸ್ಕತ್ತು. ಹಿಂಡಿಯ ಮೂಟೆ ಖಾಲಿ ಮಾಡುವ ಹೊಣೆ ಪ್ರೊಫೆಸರರದು. ಒಂದು ಮಧ್ಯಾಹ್ನ ಅವರು ತಟ್ಟೆಯ ಮುಂದೆ ಕೂತಿದ್ದಾಗ, ಯಾವುದೋ ಪುಸ್ತಕದ ಹೊಲಿಗೆ ಬಿಟ್ಟಿದೆ ಎಂದು ಡಾಕ್ಟರು ಮೇಲಕ್ಕೇ ಹತ್ತಿ ಬಂದರು. ಬಂದವರು ಬಾಗಿಲಲ್ಲಿ ನಿಂತು ತಟ್ಟೆಯನ್ನೊಮ್ಮೆ, ಪ್ರೊಫೆಸರರನ್ನೊಮ್ಮೆ ನೋಡಿದರು.

"ಏನು ಪ್ರೊಫೆಸರ್ರೇ, ಹೇಗಿದೆ ಈಗ ಮೈ? ನನ್ನ ಪೇಷಂಟುಗಳಿಗೆ ಏನಾದರೂ ಹೊಸ ಸಲಹೆ ಇದೆಯಾ?"

ಹೇಳಲು ಪ್ರೊಫೆಸರರ ಬಳಿ ಬೇಕಾದಷ್ಟಿತ್ತು. ಅವರು ಕೈಯೆತ್ತಿದರು, ಹುಬ್ಬೇರಿಸಿದರು, ಬಾಯಿ ತೆರೆಯಲು ಹೋದರು. ಬಾಯಿ ತೆರೆಯಲಿಲ್ಲ. ಒಂದೇ ಒಂದು ಪುಟವನ್ನೂ ಹಿಡಿದು ನಿಲ್ಲಿಸಲಾರದ ಆ ಹಿಟ್ಟು ಅವರ ನಾಲಿಗೆಯನ್ನು ಅಂಗುಳಕ್ಕೆ ಹಿಡಿದು ನಿಲ್ಲಿಸಿತ್ತು. ಡಾಕ್ಟರು ಕಾದರು. ಮುದುಕಿ ಕಾದಳು. ಆ ಮನೆಯಲ್ಲಿ ಇಂಥ ನಿಶ್ಶಬ್ದವನ್ನು ಯಾರೂ ಕೇಳಿರಲಿಲ್ಲ, ಕೇಳಲು ಬಲು ಹಿತವಾಗಿತ್ತು. ಹೆಂಡತಿ ನೀರಿನ ಲೋಟವನ್ನು ಮೆಲ್ಲಗೆ ಗಂಡನ ಕೈಗೆಟುಕದ ಕಡೆ ಸರಿಸಿ, ತಟ್ಟೆಗೆ ಇನ್ನೊಂದು ರೊಟ್ಟಿ ಬಡಿಸಿದಳು.